ಸೂಜಿಗಪ್ಪೆ

ಹೆಡ್‌ಫೋನಿನೊಳಗೆ ಕಪ್ಪೆಗಳ ಗದ್ದಲದ ನಡುವೆ ಹೆಂಗಸೊಬ್ಬರು ಸೀನಿದರು. ಭಂಡಾರಿ ಧ್ವನಿಯನ್ನು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಸೀನಿನ ಹಿಂದೆಯೇ ಅದೇ ದನಿ ಹೇಳುತ್ತಿತ್ತು: "ನೀರು ಇಪ್ಪತ್ತೆರಡು ಡಿಗ್ರಿ, ಗಾಳಿ ಇಪ್ಪತ್ತು. ಬರ್ಕೊಂಡ್ರಾ? ಅಂದ ಹಾಗೆ ಬೆಳಗ್ಗೆ ಅಡುಗೆಗೆ ಎರಡನೇ ಸಲ ಉಪ್ಪು ಹಾಕಿದ್ದು ನೀವೇ ತಾನೇ?" ಗಂಡಸೊಬ್ಬರು "ಶ್!" ಎಂದರು. ಮತ್ತೆ ಕಪ್ಪೆಗಳು.

ಭಂಡಾರಿಯ ನಿಜವಾದ ಹೆಸರೇನು ಎಂದು ವಿಶ್ವವಿದ್ಯಾಲಯದಲ್ಲಿ ಅರ್ಧ ಜನ ಮರೆತಿದ್ದರು. ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದ ಮುಕ್ತ ಸಂಶೋಧನಾ ಭಂಡಾರವನ್ನು ನೋಡಿಕೊಳ್ಳುವವಳು, ಆದ್ದರಿಂದ ಭಂಡಾರಿ. ಸಂಶೋಧಕರು ಕಳಿಸಿದ್ದನ್ನು ಪರೀಕ್ಷಿಸಿ, ವಿವರ ಬರೆದು, ಯಾರು ಬೇಕಾದರೂ ಎಲ್ಲಿಂದಲಾದರೂ ತೆರೆದು ನೋಡುವಂತೆ ಗಣಕದಲ್ಲಿ ಇಡುವುದು ಅವಳ ಕೆಲಸ. ಮೊದಮೊದಲು ಪ್ರಬಂಧಗಳಷ್ಟೇ ಬರುತ್ತಿದ್ದವು. ಆಮೇಲೆ, ಬಾಗಿಲು ತೆರೆದಿದೆ ಎಂದು ಸುದ್ದಿ ಹಬ್ಬಿದಂತೆ, ಉಳಿದದ್ದೆಲ್ಲ ಬರತೊಡಗಿತು: ಗಾಳಿಗೆ ಸೇತುವೆಯೊಂದು ನಡುಗಿದ ಅಳತೆ, ಕುಂಬಾರಿಕೆ ವಿಭಾಗದವರು ಸುಟ್ಟು ಕೆಡಿಸಿಕೊಂಡ ಬಣ್ಣದ ಬಿಲ್ಲೆಗಳ ಫೋಟೋ, ಕುಂಟುವ ಹಸುಗಳ ನಡಿಗೆಯ ವೀಡಿಯೋ, ಬೀಗಗಳ ಇತಿಹಾಸ, ಖಾಲಿ ವೇದಿಕೆಯ ಮೇಲೆ ಇಬ್ಬರು ಬರೀ ಕುರ್ಚಿಗಳನ್ನು ಸರಿಸುತ್ತ ಮಾಡಿದ ಒಂದು ನೃತ್ಯ, ಕೆಲಸ ಮಾಡದೇ ಹೋದ ಒಂದು ಔಷಧದ ಸಂಪೂರ್ಣ ಪ್ರಯೋಗ. ಕೊನೆಯದರ ಮೇಲೆ ಅವಳಿಗೆ ವಿಶೇಷ ಮಮತೆ. ಆಗಲಿಲ್ಲ ಎಂಬುದನ್ನು ಅಷ್ಟು ಓರಣವಾಗಿ ಬರೆದಿಟ್ಟವರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. "ಇದು ಭಂಡಾರವೋ, ಅಜ್ಜಿ ಮನೆ ಅಟ್ಟವೋ?" ಎಂದು ಪಕ್ಕದ ಮೇಜಿನ ತಂತ್ರಜ್ಞ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ. "ಅಟ್ಟ ಹತ್ತೋಕೆ ಏಣಿ ಬೇಕು. ಇಲ್ಲಿ ಅದೂ ಬೇಡ," ಎನ್ನುತ್ತಿದ್ದಳು ಭಂಡಾರಿ.

ಈ ವಾರದ ಸರದಿ ಕಪ್ಪೆ ಮೇಷ್ಟ್ರದು. ಪ್ರಾಣಿಶಾಸ್ತ್ರ ವಿಭಾಗದಿಂದ ನಿವೃತ್ತರಾದ ಅವರು ವಿಭಾಗದ ಹಿಂದಿನ ಕೊಳದ ದಡದಲ್ಲಿ ಪ್ರತಿ ಮಳೆಗಾಲದ ಸಂಜೆಗಳಲ್ಲೂ ಕುಳಿತು ಕಪ್ಪೆಗಳ ಕೂಗನ್ನು ಮುದ್ರಿಸಿಕೊಂಡಿದ್ದರು. ಯಾವ ಕಪ್ಪೆ ಎಷ್ಟು ಸಲ ಕೂಗಿತು ಎಂದು ಸ್ಥಳದಲ್ಲೇ ಕಿವಿಯಿಂದ ಎಣಿಸಿ ಬರೆಯುವುದು ಅವರ ಪದ್ಧತಿ. ಆ ಎಣಿಕೆಯಿಂದಲೇ ಅವರು ಹೆಸರಾದದ್ದು. ಹೆಬ್ಬೆರಳಿನ ಉಗುರಿನಷ್ಟಿದ್ದು, ಸೂಜಿಯಂಥ ತೆಳು ದನಿಯಲ್ಲಿ ಕೂಗುವ ಸೂಜಿಗಪ್ಪೆ ಆ ಕೊಳದಿಂದ ಮಾಯವಾಯಿತು ಎಂದು ಅವರು ಬರೆದ, ಈಗ ಭಂಡಾರದಲ್ಲೂ ಇರುವ ಲೇಖನವನ್ನು ಭಂಡಾರಿಯೂ ಬಿಎಸ್ಸಿಯಲ್ಲಿ ಓದಿದ್ದಳು. ವರ್ಷವರ್ಷಕ್ಕೂ ಇಳಿಯುತ್ತ ಬಂದು ಸೊನ್ನೆಯ ಮೇಲೆ ಮಲಗಿಬಿಡುವ ಆ ಗೆರೆಯನ್ನು ಅವಳು ಪರೀಕ್ಷೆಯಲ್ಲಿ ಬಿಡಿಸಿದ್ದಳು.

ಮೇಷ್ಟ್ರು ಈಗ ಧ್ವನಿಮುದ್ರಣಗಳನ್ನೆಲ್ಲ ಭಂಡಾರಕ್ಕೆ ಕೊಟ್ಟು, ಜೊತೆಗೊಂದು ಚೀಟಿ ಇಟ್ಟಿದ್ದರು: "ಮನುಷ್ಯರ ದನಿ ಇದ್ದಲ್ಲೆಲ್ಲ ಕತ್ತರಿಸುವುದು. ಬರೀ ಮನೆ ವಿಚಾರದ ಮಾತು." ಮನುಷ್ಯರ ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಮುಕ್ತವಾಗಿ ಇಡುವಂತಿಲ್ಲ ಎಂಬುದು ಭಂಡಾರದ ನಿಯಮವೂ ಹೌದು. ಹಾಗಾಗಿ ಕತ್ತರಿ ಹಿಡಿದೇ ಕುಳಿತಿದ್ದ ಭಂಡಾರಿ, ಕೊನೆಯ ವರ್ಷಗಳ ಒಂದು ಸಂಜೆಗೆ ಬಂದಾಗ ಕೈ ನಿಲ್ಲಿಸಿದಳು.

"ರೀ, ನಿಮ್ಮ ಸೂಜಿ ಕೂಗ್ತಿದೆ," ಎಂದಿತು ಉಪ್ಪಿನ ವಿಚಾರಣೆ ಮಾಡಿದ್ದ ಅದೇ ದನಿ.

"ಎಲ್ಲಿ?"

"ಅಲ್ಲೇ, ಜೊಂಡಿನ ಹತ್ರ. ಈಗ ನೋಡಿ. ಕೇಳಿಸ್ತಾ?"

ಸ್ವಲ್ಪ ಹೊತ್ತು ಬರೀ ಕೊಳ. ಆಮೇಲೆ ಮೇಷ್ಟ್ರ ದನಿ: "ಇಲ್ಲ. ಏನೂ ಇಲ್ಲ. ಜೀರುಂಡೆ ಇರ್ಬೇಕು."

ಆ ಸ್ವಲ್ಪ ಹೊತ್ತಿನಲ್ಲಿ ಭಂಡಾರಿಗೆ ಅದು ಕೇಳಿಸಿತ್ತು. ಗಾಜಿನ ಲೋಟದ ಅಂಚಿಗೆ ಸೂಜಿ ತಾಗಿಸಿದಂತೆ, ತೆಳ್ಳಗೆ, ಎತ್ತರದಲ್ಲಿ.

ಅವಳು ಆ ಧ್ವನಿಯನ್ನು ಚಿತ್ರವಾಗಿಸಿ ತೆರೆಯ ಮೇಲೆ ತಂದಳು. ಅಡ್ಡಕ್ಕೆ ಕಾಲ, ಉದ್ದಕ್ಕೆ ಸ್ವರದ ಎತ್ತರ. ಕೆಳಗೆ ದೊಡ್ಡ ಕಪ್ಪೆಗಳ ದಟ್ಟ ಮೋಡ, ನಡುವೆ ಇಬ್ಬರ ಮಾತಿನ ಅಲೆ, ಎಲ್ಲಕ್ಕೂ ಮೇಲೆ, ಬೇರೇನೂ ಇಲ್ಲದ ಕಡೆ, ಹೊಲಿಗೆ ಹಾಕಿದಂತೆ ಸಣ್ಣ ಸಣ್ಣ ಗುರುತುಗಳು. ಕಪ್ಪೆ ಇನ್ನೂ ಇದ್ದ ಕಾಲದ ಮುದ್ರಣ ತೆಗೆದು ಕೆಳಗಿಟ್ಟಳು. ಅದೇ ಎತ್ತರ, ಅದೇ ಹೊಲಿಗೆ. ಮೇಷ್ಟ್ರು ಸೊನ್ನೆ ಬರೆದಿದ್ದ ಒಂದೊಂದು ವರ್ಷವನ್ನೂ ತೆರೆದಳು. ಎಲ್ಲದರಲ್ಲೂ ಇತ್ತು.

"ಕತ್ತರಿಸು ಅಂದ್ರು, ಕತ್ತರಿಸು," ಎಂದ ತಂತ್ರಜ್ಞ, ಅವಳ ಹೆಗಲ ಮೇಲಿಂದ ಇಣುಕುತ್ತ. "ಊರ ಉಸಾಬರಿ ನಮಗ್ಯಾಕೆ?"

"ಮಾತು ಕತ್ತರಿಸಿದ್ರೂ ಕಪ್ಪೆ ಉಳಿಯುತ್ತಲ್ಲ."

"ಉಳೀಲಿ. ಮುಂದೆ ಯಾವಾಗ್ಲೋ ಯಾರೋ ಪುಣ್ಯಾತ್ಮ ಹಿಡೀತಾನೆ."

"ಅವನು ಹಿಡಿಯೋ ಹೊತ್ತಿಗೆ ಉತ್ತರ ಹೇಳೋಕೆ ಮೇಷ್ಟ್ರು ಇರ್ಬೇಕಲ್ಲ," ಎಂದು ಅವಳು ಫೋನು ಎತ್ತಿಕೊಂಡಳು.

ಎತ್ತಿದ್ದು ಮೇಷ್ಟ್ರ ಹೆಂಡತಿ. ಮೊದಲ ಮಾತಿಗೇ ಭಂಡಾರಿಗೆ ದನಿಯ ಗುರುತು ಹತ್ತಿ, ವರ್ಷಗಳಿಂದ ಬಲ್ಲವರ ಜೊತೆ ಮಾತಾಡಿದಂತಾಯಿತು. "ಅವರಿಗೆ ಕೊಟ್ಟು ಪ್ರಯೋಜನ ಇಲ್ಲಮ್ಮ. ಲೈನು ಸರಿ ಇಲ್ಲ ಅಂತಾರೆ. ಯಾವ ಲೈನೂ ಸರಿ ಇರಲ್ಲ ಅವರಿಗೆ," ಎಂದರು ಅವರು. ಇಬ್ಬರೂ ಒಮ್ಮೆ ಬಂದು ಹೋಗಬೇಕು, ದನಿಯ ಒಪ್ಪಿಗೆಯ ವಿಷಯ ಇದೆ ಎಂದಳು ಭಂಡಾರಿ. ಅದು ಸುಳ್ಳೇನೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರು ನೆಲಮಾಳಿಗೆಯ ಮೆಟ್ಟಿಲನ್ನು ನಿಧಾನವಾಗಿ ಇಳಿದು ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು. ಹಿಂದೆಯೇ ಅವರ ಹೆಂಡತಿ, ಚಹಾದ ಫ್ಲಾಸ್ಕು ಹಿಡಿದು.

"ಎಲ್ಲಾ ಕತ್ತರಿಸಿದ್ಯಾ?" ಎಂದು ಕೇಳಿದರು ಮೇಷ್ಟ್ರು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

"ಇನ್ನೂ ಇಲ್ಲ ಸರ್. ಅದಕ್ಕೂ ಮುಂಚೆ ಒಂದು ಚಿತ್ರ ನೋಡ್ಬೇಕು ನೀವು."

ಅವಳು ಏನನ್ನೂ ವಿವರಿಸಲಿಲ್ಲ. ಹಳೆಯ ವರ್ಷವನ್ನು ಕೆಳಗೆ, ಸೊನ್ನೆಯ ವರ್ಷವನ್ನು ಮೇಲೆ ಇಟ್ಟು, ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

ಮೇಷ್ಟ್ರು ನೋಡಿದರು. "ಇದು ಜೀರುಂಡೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಾಂದ್ರೆ ಯಂತ್ರದ ಗುಂಯ್‌ ಶಬ್ದ," ಎಂದರು. ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮೇಜಿನ ಮೇಲಿದ್ದ ಕಾಗದವೊಂದನ್ನು ತೆಗೆದು ಅದರ ಅಂಚನ್ನು ತೆರೆಗೆ ಹಿಡಿದು, ಕೆಳಗಿನ ಗುರುತುಗಳ ನಡುವಿನ ಅಂತರಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿಕೊಂಡರು. ಅದೇ ಅಂಚನ್ನು ಮೇಲಿನ ಗುರುತುಗಳಿಗೆ ಹಿಡಿದರು. ಗೆರೆಗೆ ಗೆರೆ ಕೂಡಿತು.

"ಮೂರು ಕೂಗು, ಒಂದು ವಿರಾಮ. ಮೂರು ಕೂಗು, ವಿರಾಮ," ಎಂದರು ತಮಗೆ ತಾವೇ. "ಜೀರುಂಡೆ ಹೀಗೆ ಉಸಿರು ತಗೊಳ್ಳಲ್ಲ." ಕಾಗದವನ್ನು ಕೆಳಗಿಟ್ಟರು. "ಇದನ್ನ ಕೇಳಿಸು."

ಭಂಡಾರಿ ಕೇಳಿಸಿದಳು. ಕೋಣೆಯ ತುಂಬ ಕೊಳ. "ರೀ, ನಿಮ್ಮ ಸೂಜಿ ಕೂಗ್ತಿದೆ." ತಂತ್ರಜ್ಞ ಕೀಲಿಮಣೆಯ ಮೇಲಿನ ಕೈಯನ್ನು ತೆಗೆದ. ಅವನಿಗೆ ಕೇಳಿಸುತ್ತಿತ್ತು, ಭಂಡಾರಿಗೆ ಕೇಳಿಸುತ್ತಿತ್ತು, ಮೇಷ್ಟ್ರ ಹೆಂಡತಿ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತ ನೆಲ ನೋಡುತ್ತಿದ್ದರು. ಮೇಷ್ಟ್ರು ಮಾತ್ರ ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು, ತೆರೆಯ ಮೇಲೆ ಒಂದೊಂದೇ ಗುರುತು ದಾಟಿಹೋಗುವುದನ್ನು ನೋಡುತ್ತಿದ್ದರು.

"ಈಗ ಕೂಗ್ತಾ ಇದೆಯಾ?" ಎಂದು ಕೇಳಿದರು.

"ಹೂಂ ಸರ್. ಈಗ."

ಅವರು ಹಿಂದಕ್ಕೆ ಒರಗಿದರು. "ಮೈಕನ್ನ ಪ್ರತಿ ವರ್ಷ ಪರೀಕ್ಷೆಗೆ ಕಳಿಸ್ತಿದ್ದೆ," ಎಂದರು. "ಉಷ್ಣಮಾಪಕವನ್ನೂ." ಬೆರಳು ತಾನಾಗಿ ಕಿವಿಯನ್ನು ಮುಟ್ಟಿತು.

ಹೆಂಡತಿ ಚಹಾ ಬಗ್ಗಿಸಿ ಅವರ ಮುಂದಿಟ್ಟರು. ಮೇಷ್ಟ್ರು ಮುಟ್ಟಲಿಲ್ಲ. "ಮತ್ತೆ ಯಾಕೆ ಹೇಳ್ಲಿಲ್ಲ ನೀನು? ಒಂದು ಸಲ ಹೇಳಿ ಸುಮ್ಮನಾಗಿಬಿಟ್ಯಲ್ಲ?"

"ನೀವು ಇಲ್ಲ ಅಂದ್ರಲ್ಲ. ನನಗೂ ಅನುಮಾನ ಬಂತು, ಜೀರುಂಡೆನೇ ಇರಬಹುದು ಅಂತ. ಕಪ್ಪೆ ವಿಷಯದಲ್ಲಿ ನಿಮ್ಮ ಹತ್ರ ವಾದ ಮಾಡೋಕೆ ನಾನ್ಯಾರು? ಉಪ್ಪಿನ ವಿಷಯ ಆಗಿದ್ರೆ ಬಿಡ್ತಿರ್ಲಿಲ್ಲ."

ತಂತ್ರಜ್ಞ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ. ಮೇಷ್ಟ್ರು ನಗಲಿಲ್ಲ. ಭಂಡಾರಿಯ ಕಡೆ ತಿರುಗಿ, "ಆ ಲೇಖನವನ್ನ ಇಲ್ಲಿಂದ ತೆಗೆಯೋಕಾಗುತ್ತಾ?" ಎಂದರು.

"ಇಲ್ಲಿ ಏನನ್ನೂ ಅಳಿಸಲ್ಲ ಸರ್. ಹಳೇದು ಹಾಗೇ ಇರುತ್ತೆ. ನೀವು ಕೊಟ್ರೆ ಅದರ ಮೇಲೆ ಹೊಸ ಆವೃತ್ತಿ ಬರುತ್ತೆ, ಯಾಕೆ ಬದಲಾಯ್ತು ಅನ್ನೋ ಒಂದು ಸಾಲಿನ ಜೊತೆ."

"ಎಲ್ಲರೂ ಓದೋ ಹಾಗೆ."

"ಎಲ್ಲರೂ ಓದೋ ಹಾಗೆ. ಕೊಡದೇ ಇದ್ರೆ ಹಳೇದೇ ಇರುತ್ತೆ. ಮಾತುಗಳನ್ನ ಕತ್ತರಿಸಿ ಅಂದ್ರೆ ಈಗ್ಲೂ ಕತ್ತರಿಸ್ತೀನಿ. ಅದು ನಿಮ್ಮ ಹಕ್ಕು."

ಮೇಷ್ಟ್ರು ಪೆನ್ಸಿಲನ್ನು ಜೇಬಿಗೆ ಹಾಕಿದರು, ಮತ್ತೆ ತೆಗೆದರು. ಒಂದಿಡೀ ತಲೆಮಾರು ಪರೀಕ್ಷೆಯಲ್ಲಿ ಬಿಡಿಸಿದ ಗೆರೆ ಅದು. ಅದನ್ನು ಬಿಟ್ಟರೆ ಅವರ ಹೆಸರು ಬೇರೆಲ್ಲೂ ಇರಲಿಲ್ಲ. ಗೋಡೆಯಾಚೆಯ ಸರ್ವರ್ ಕೋಣೆಯಿಂದ ಫ್ಯಾನುಗಳ ಸದ್ದು ಒಂದೇ ಸಮನೆ ಬರುತ್ತಿತ್ತು.

"ಆ ವರ್ಷ ಕಪ್ಪೆ ಹೋಯ್ತು ಅಂತ ಊಟ ಬಿಟ್ಟು ಕೂತಿದ್ರಿ," ಎಂದರು ಹೆಂಡತಿ, ಯಾರನ್ನೂ ನೋಡದೆ. "ನೆಂಟರು ಹೋದಾಗ್ಲೂ ಹಾಗೆ ಕೂತಿರ್ಲಿಲ್ಲ. ಈಗ ಬದುಕಿತ್ತು ಅಂತ ಗೊತ್ತಾಯ್ತಲ್ಲ, ಒಂದು ಗುಟುಕು ಚಹಾನಾದ್ರೂ ಕುಡೀರಿ."

ಮೇಷ್ಟ್ರು ಲೋಟ ಎತ್ತಿಕೊಂಡರು. ಆಗ ಭಂಡಾರಿಗೆ ಏನೋ ಹೊಳೆಯಿತು. "ಸರ್, ಒಂದು ನಿಮಿಷ. ಇದನ್ನ ಅರ್ಧ ವೇಗದಲ್ಲಿ ಓಡಿಸಿದ್ರೆ ನಿಮ್ಮ ಕಿವಿಗೆ ನಿಲುಕೋ ಹಾಗೆ ಸ್ವರದ ಎತ್ತರವೂ ಅರ್ಧಕ್ಕೆ ಇಳಿಯುತ್ತಲ್ವಾ?"

ಮೇಷ್ಟ್ರು ಅವಳನ್ನು ನೋಡಿದರು, ತರಗತಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರನ್ನು ನೋಡುತ್ತಿದ್ದಂತೆ. "ಇಳಿಯುತ್ತೆ," ಎಂದರು. "ಇಳಿಯಲೇಬೇಕು. ಹಾಕು."

ಅವಳು ಹಾಕಿದಳು. ಕಪ್ಪೆಗಳು ಎಮ್ಮೆಗಳಾದವು. ಆಮೇಲೆ ಮೂಗು ಕಟ್ಟಿದ ಪೈಲ್ವಾನನೊಬ್ಬ ನಿದ್ದೆಗಣ್ಣಲ್ಲಿ ಹೇಳಿದಂತೆ ಒಂದು ದನಿ ಎಳೆಯಿತು: "ರೀ… ನಿಮ್ಮ… ಸೂಜಿ… ಕೂಗ್ತಿದೆ…"

"ಅಯ್ಯೋ, ಇದು ನಾನಾ?" ಎಂದು ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. "ನನ್ನ ದೊಡ್ಡಪ್ಪನ ದನಿ ಇದ್ದ ಹಾಗಿದೆ!" ತಂತ್ರಜ್ಞ ಇನ್ನು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದ. ಭಂಡಾರಿಯೂ ನಕ್ಕಳು.

ಮೇಷ್ಟ್ರು ಒಂದು ಕೈ ಎತ್ತಿದರು. "ಶ್!"

ಕೋಣೆ ತಣ್ಣಗಾಯಿತು. ಕೊಳದ ಭಾರವಾದ ಗೊಣಗಾಟದ ಮೇಲೆ, ದೂರದ ಸೈಕಲ್ಲಿನ ಗಂಟೆಯಂತೆ, ಟಿಣ್… ಟಿಣ್… ಟಿಣ್. ಬಿಡುವು. ಮತ್ತೆ ಟಿಣ್.

ಮೇಷ್ಟ್ರ ಲೋಟದಿಂದ ಚಹಾ ತುಳುಕಿ ಇಸ್ತ್ರಿಯ ಅಂಗಿಯ ಮೇಲೆ ಬಿತ್ತು. ಅವರು ನೋಡಿಕೊಳ್ಳಲಿಲ್ಲ. ಆಮೇಲೆ ಲೋಟವನ್ನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದರು.

"ನಿನ್ನ ದನಿ ಹಾಗೇ ಇರಲಿಯಾ?"

"ಎಲ್ಲಾನೂನಾ? ಉಪ್ಪಿನ ಬೈಗುಳನೂ?"

"ಎಲ್ಲಾನೂ. ಒಂದನ್ನ ಇಟ್ಟು ಒಂದನ್ನ ತೆಗೆದ್ರೆ ಅದು ದತ್ತಾಂಶ ಆಗಲ್ಲ."

"ಆಗ್ಲಿ ಬಿಡಿ. ಉಪ್ಪು ಹಾಕಿದ್ದು ಯಾರು ಅಂತ ಲೋಕಕ್ಕೂ ಗೊತ್ತಾಗ್ಲಿ," ಎಂದು ಅವರು ಒಪ್ಪಿಗೆ ಕೊಟ್ಟರು.

ಬದಲಾವಣೆಗೆ ಕಾರಣ ಎಂಬ ಖಾಲಿ ಜಾಗಕ್ಕೆ ಏನು ಬರೆಯಲಿ ಎಂದು ಭಂಡಾರಿ ಕೇಳಿದಳು. ಮೇಷ್ಟ್ರು ಹೇಳಿ ಬರೆಸಲಿಲ್ಲ. ಕುರ್ಚಿ ಎಳೆದುಕೊಂಡು ಎರಡು ಬೆರಳುಗಳಿಂದ ತಾವೇ ಒತ್ತಿದರು: "ಎಣಿಸಿದ್ದು ಲೇಖಕನ ಕಿವಿಯಿಂದ. ಆ ಕಿವಿಯನ್ನು ಪರೀಕ್ಷಿಸಿರಲಿಲ್ಲ. ದಡದಲ್ಲಿದ್ದ ಇನ್ನೊಬ್ಬರಿಗೆ ಕೇಳಿಸಿತ್ತು." ಒಮ್ಮೆ ಓದಿ, ಕೊನೆಯ ಸಾಲಿನ 'ಇನ್ನೊಬ್ಬರಿಗೆ' ಎಂಬುದನ್ನು ಅಳಿಸಿ ಅಲ್ಲಿ ಹೆಂಡತಿಯ ಪೂರ್ತಿ ಹೆಸರು ಬರೆದರು. ಹೆಂಡತಿ ಅದನ್ನು ಓದಿದರು. ಸೆರಗಿನ ತುದಿಯಿಂದ ಅವರ ಅಂಗಿಯ ಮೇಲಿನ ಚಹಾ ಒರೆಸತೊಡಗಿದರು.

"ಬಿಡು, ಅದು ಹೋಗಲ್ಲ," ಎಂದರು ಮೇಷ್ಟ್ರು. "ನೋಡಮ್ಮ, ಅದನ್ನ ಮತ್ತೆ ಹಾಕು, ಅರ್ಧ ವೇಗದಲ್ಲೇ. ಸೊನ್ನೆ ಇದ್ದ ಜಾಗಕ್ಕೆಲ್ಲ ಏನು ಬರೀಬೇಕು ಅಂತ ಎಣಿಸ್ಬೇಕಲ್ಲ."

"ಎಣಿಸೋಕೆ ಯಂತ್ರ ಇದೆ ಸರ್," ಎಂದ ತಂತ್ರಜ್ಞ.

"ಇರ್ಲಿ. ಅದೂ ಎಣಿಸ್ಲಿ."

ಭಂಡಾರಿ ಧ್ವನಿಯನ್ನು ಮೊದಲಿಗೆ ತಂದು ಒತ್ತಿದಳು. ಮೇಷ್ಟ್ರು ಕಣ್ಣು ಮುಚ್ಚಿ, ಬಲಗೈಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. ಕೊಳ ನಿಧಾನವಾಗಿ ಕೋಣೆಗೆ ಬಂತು. "ಕೇಳಿಸ್ತಾ?" ಎಂದು ದೊಡ್ಡಪ್ಪನ ದನಿ ಕೇಳಿತು. ಕೊಳದ ದಡದಲ್ಲಿ ಕುಳಿತಿದ್ದ ಮೇಷ್ಟ್ರು, ಒಂದೊಂದು ಅಕ್ಷರವನ್ನೂ ಕಲ್ಲಿನಂತೆ ಎತ್ತಿಡುತ್ತ, "ಇಲ್ಲ… ಏನೂ… ಇಲ್ಲ…" ಎನ್ನುತ್ತಿದ್ದರು. ಕೋಣೆಯಲ್ಲಿ ಕುಳಿತಿದ್ದ ಮೇಷ್ಟ್ರ ತೋರುಬೆರಳು ಮಂಡಿಯಿಂದ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು.