ಹಾಸಿಗೆಗೆ ನೀರು

ಎವರ್ಟ್ ಚರ್ಚಿನ ಬಾಗಿಲಿಗೆ ಅಡ್ಡ ನಿಂತು, ಬಂದವರ ಮುಂದೆಲ್ಲ ಹಾಲಿನ ಕ್ಯಾನು ಹಿಡಿಯುತ್ತಿದ್ದ.

“ಮೊಬೈಲು ಆಫ್ ಮಾಡಿ ಇದ್ರೊಳಗೆ ಹಾಕಿ. ಕ್ಯಾನು ಸೇತುವೆ ಆಚೆ ನನ್ನ ಕಾರಿಗೆ ಹೋಗುತ್ತೆ.”

“ಮಣ್ಣಿಗೆ ಬಂದವರಿಗೂ ತಪಾಸಣೇನಾ?” ಎಂದ ಒಬ್ಬ.

“ಸತ್ತವನದೇ ಅಪ್ಪಣೆ. ಮೇನ್ ಫ್ಯೂಸೂ ಕಿತ್ತು ಜೇಬಲ್ಲಿಟ್ಕೊಂಡಿದ್ದೀನಿ. ಒಳಗೆ ಬರೀ ಮೇಣದಬತ್ತಿ.”

ಸ್ವಲ್ಪ ದೂರದಲ್ಲಿ, ಬರ್ಚ್ ಮರದ ಕೆಳಗೆ, ಸತ್ತವನ ಹೆಂಡತಿ ಗುನ್ವೋರ್ ನಿಂತಿದ್ದಳು. ಕರೆಂಟು, ಮೊಬೈಲುಗಳ ಹತ್ತಿರ ಹೋದರೆ ಅವಳ ಮುಖ ಉರಿಯುತ್ತಿತ್ತು, ಕಾಲು ಸೋಲುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ತಮ್ಮನ ಅಂತ್ಯಕ್ರಿಯೆಯಲ್ಲಿ ಅರ್ಧಕ್ಕೇ ಎದ್ದು ಓಡಿದವಳು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ. ಇವತ್ತು ಮಾತ್ರ ಓಡಬಾರದು. ಗಂಡ ಸ್ತೂರೆಯ ಶವಪೆಟ್ಟಿಗೆಯ ಮೇಲೆ ತನ್ನ ಕೈಯಿಂದಲೇ ಹೂವಿಡಬೇಕು. ಅಷ್ಟಾದರೆ ಸಾಕಿತ್ತು.

“ಆಗದಿದ್ರೆ ಇಲ್ಲೇ ಇರಮ್ಮ. ನಿನ್ನ ಹೂವು ನಾನೇ ಇಡ್ತೀನಿ,” ಎಂದಳು ಸ್ಟಾಕ್‌ಹೋಮಿನಿಂದ ಬಂದ ಮಗಳು ಪರ್ನಿಲ್ಲಾ. ಅವಳ ದನಿಯಲ್ಲಿ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ.

ಸ್ತೂರೆಯ ಹಳೇ ಗೆಳೆಯ ಎವರ್ಟ್ ಹತ್ತಿರ ಬಂದ. “ಮೂರನೇ ಬೆಂಚು, ಗೋಡೆ ಪಕ್ಕ. ನಿನ್ನ ಗಂಡ ಹಿಡಿದಿಟ್ಟ ಜಾಗ. ಬಾ.”

*

ಸ್ತೂರೆ ಮೂವತ್ತೆಂಟು ವರ್ಷ ಕರೆಂಟಿನ ಕಂಬ ಹತ್ತಿದವನು. ಗುನ್ವೋರ್‌ಗೆ ನಿದ್ದೆಯೇ ಹಾರಿಹೋದ ಆ ಚಳಿಗಾಲದಲ್ಲಿ ಡಾಕ್ಟರು ಮನಸ್ಸಿನ ಕಾಯಿಲೆ ಅಂದರು. ಮಗಳೂ ಅದನ್ನೇ ಅಂದಳು.

“ನನ್ನ ಕೂದಲು ಹಣ್ಣಾಗಿದ್ದೇ ತಂತಿ ಹಿಡ್ಕೊಂಡು, ನನಗೇನೂ ಆಗಿಲ್ಲ,” ಎಂದ ಸ್ತೂರೆ. “ಆದ್ರೆ ನೀನು ನಿದ್ದೆ ಮಾಡ್ತಿಲ್ಲ ಅನ್ನೋದು ಕಾಣುತ್ತಲ್ಲ.”

ಮರುದಿನ ಕಿಟಕಿಯ ಕೆಳಗೆ ಬೆಂಕಿ ಹಾಕಿ, ಹೆಪ್ಪುಗಟ್ಟಿದ ನೆಲ ಕರಗಿಸಿ, ತಾಮ್ರದ ಸರಳು ಹೊಡೆದ. ಬೆಳ್ಳಿ ಎಳೆ ನೇಯ್ದ ಮೇಲುಹಾಸು ತರಿಸಿ ಅವಳ ಹಾಸಿಗೆಗೆ ಹಾಸಿ, ಅದರಿಂದ ಸರಳಿಗೆ ತಂತಿ ಎಳೆದ. ಅವತ್ತು ಅವಳು ಐದು ಗಂಟೆ ಮಲಗಿದಳು.

ಮಣ್ಣು ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ, ಕರೆಂಟು ನೆಲಕ್ಕಿಳಿಯುವುದಿಲ್ಲ. ಹಾಗಾಗಿ ದಿನಾ ಸಂಜೆ ಊಟವಾದ ಮೇಲೆ ಸರಳಿನ ಬುಡಕ್ಕೆ ಒಂದು ಬಕೆಟ್ ನೀರು, ಚಳಿಗಾಲದಲ್ಲಿ ಬಿಸಿನೀರು. ನೀರು ಇಂಗುವ ತನಕ ನಿಂತಿದ್ದು, ಬೆರಳು ಮಡಿಸಿ ಕಿಟಕಿಗೆ ಎರಡು ಸಲ ತಟ್ಟುತ್ತಿದ್ದ. ಆಯಿತು, ಇನ್ನು ಮಲಗು ಅಂತ.

“ಹಾಸಿಗೆಗೆ ನೀರು ಹಾಕಿದ್ಯೇನೋ?” ಕಾಫಿ ಹೊತ್ತಿನಲ್ಲಿ ಎವರ್ಟ್ ಕಿಚಾಯಿಸುತ್ತಿದ್ದ.

“ಹಾಕ್ದೆ. ಇನ್ನೂ ಮೊಳಕೆ ಬಂದಿಲ್ಲ.”

ನೀನು ನಂಬ್ತೀಯಾ ಎಂದು ಗುನ್ವೋರ್ ಒಮ್ಮೆ ಕೇಳಿದ್ದಳು. “ಬಕೆಟ್ಟಿನ ಹಿಡಿ ಸಡಿಲಾಗಿದೆ, ನಾಳೆ ನೋಡ್ಬೇಕು,” ಅಂದಿದ್ದ. ತನಗೇ ಮನದಟ್ಟಾಗದ ವಿಷಯಕ್ಕೆ ಹತ್ತೊಂಬತ್ತು ವರ್ಷ ನೀರು ಹೊರುವುದು ಎಲ್ಲರ ಕೈಲಾಗುವ ಮಾತಲ್ಲ.

*

ಮೂರನೇ ಬೆಂಚಿನ ಅಡಿ ಹಸಿರು-ಹಳದಿ ಅರ್ಥಿಂಗ್ ತಂತಿಯ ದೊಡ್ಡ ಸುರುಳಿಯಿತ್ತು. ಒಂದು ತುದಿಗೆ ಕಾಲಿಗೆ ಕಟ್ಟುವ ಪಟ್ಟಿ. ಇನ್ನೊಂದು ತುದಿ ಗೋಡೆಯ ಗಾಳಿಕಿಂಡಿಯಿಂದ ಹೊರಗೆ ಹೋಗಿತ್ತು.

“ಡಾಕ್ಟರು ಅವನಿಗೆ ಆರು ತಿಂಗಳು ಅಂದ್ರಲ್ಲ, ಆ ವಾರವೇ ಪಾದ್ರಿಯನ್ನ ಒಪ್ಪಿಸಿ ಹೊರಗೆ ಸರಳು ಹೊಡೆದ,” ಎವರ್ಟ್ ಪಿಸುಗುಟ್ಟಿದ. “ಯಾರಾದ್ರೊಬ್ಬ ಮೊಬೈಲು ಬಚ್ಚಿಟ್ಕೊಂಡು ಬಂದೇ ಬರ್ತಾನೆ ಅಂದಿದ್ದ. ಬೆಳಿಗ್ಗೆ ನಾನೇ ನೀರು ಹಾಕ್ದೆ. ಇಂಗೋ ತನಕ ನಿಂತಿದ್ದೆ.”

ಗುನ್ವೋರ್ ಪಟ್ಟಿ ಕಟ್ಟಿಕೊಂಡಳು. ಎರಡನೇ ಹಾಡಿನ ನಡುವೆ ಹಿಂದಿನ ಸಾಲಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಅವಳ ಕೆನ್ನೆ ಉರಿಯತೊಡಗಿತು. ಎವರ್ಟ್ ಆ ಮನುಷ್ಯನನ್ನು ತೋಳು ಹಿಡಿದು ಹೊರಗೆ ಕರೆದೊಯ್ದ. ಅವಳು ಬೆಂಚಿನ ಅಂಚು ಬಿಗಿಹಿಡಿದು ಕೂತೇ ಇದ್ದಳು.

ಹೂವಿಡುವ ಹೊತ್ತು ಬಂತು. ಎದ್ದು ನಿಂತ ಮೇಲೆ ಅವಳಿಗೆ ಕಾಲಿನ ತಂತಿ ನೆನಪಾಯಿತು. ಪಟ್ಟಿ ಬಿಚ್ಚಿದರೆ ಅಲ್ಲಿವರೆಗೆ ನಡೆಯುವ ಧೈರ್ಯವಿಲ್ಲ, ಬಿಚ್ಚದಿದ್ದರೆ ಹೋಗುವುದು ಹೇಗೆ? ಲೈಲಾಕ್ ಹೂವಿನ ಗೊಂಚಲನ್ನು ಇಸಿದುಕೊಳ್ಳಲು ಪರ್ನಿಲ್ಲಾ ಕೈ ಚಾಚಿದಳು.

ಬೆಂಚಿನಡಿಯ ಸುರುಳಿ ಕಂಡು ಚಾಚಿದ ಕೈ ಹಾಗೇ ನಿಂತಿತು. ಕೂರುವುದಕ್ಕೆ ಇಷ್ಟು ತಂತಿ ಯಾಕೆ? ಅವಳು ಬಗ್ಗಿ ಸುರುಳಿಯನ್ನು ಎತ್ತಿಕೊಂಡಳು. “ನಡಿಯಮ್ಮ, ನಾನು ಬಿಡ್ತಾ ಬರ್ತೀನಿ.”

ಗುನ್ವೋರ್ ನಡೆದಳು. ಮಗಳು ಹಿಂದೆ ಹಿಂದೆ, ಯಾರ ಕಾಲಿಗೂ ತೊಡರದಂತೆ ಸುತ್ತು ಬಿಚ್ಚುತ್ತಾ ಬಂದಳು. ಪೆಟ್ಟಿಗೆ ಮುಟ್ಟಿದಾಗ ತಂತಿ ಇನ್ನೂ ಒಂದು ಗೇಣು ಉಳಿದಿತ್ತು.

“ಇಲ್ಲಿಗೇ ಅಳೆದಿದ್ದಾನಮ್ಮ ಅಪ್ಪ,” ಎಂದಳು ಪರ್ನಿಲ್ಲಾ.

ಗುನ್ವೋರ್ ಹೂವಿಟ್ಟಳು. ಆಮೇಲೆ ಬೆರಳು ಮಡಿಸಿ ಪೆಟ್ಟಿಗೆಯ ಮುಚ್ಚಳಕ್ಕೆ ಎರಡು ಸಲ ತಟ್ಟಿದಳು.