ಅಬ್ರಾಮ್ ಓಮ್ ಮುಚ್ಚಿಟ್ಟ ಬಾವಿ

ಊರೆಲ್ಲ ಓಮ್, ಅಂದರೆ ದೊಡ್ಡಪ್ಪ, ಎಂದು ಕರೆಯುವ ಅಬ್ರಾಮ್ ನಡೆಯುವುದನ್ನು ಮೊದಲ ಸಲ ಕಂಡವರು ಅವರನ್ನು ಕುರುಡರೆಂದೇ ತಿಳಿಯುತ್ತಾರೆ. ಎದೆಯೆತ್ತರದ ಕಬ್ಬಿಣದ ಸರಳಿನಿಂದ ನೆಲವನ್ನು ತಿವಿದು, ಸದ್ದಿಗೆ ಕಿವಿಗೊಟ್ಟು, ಆಮೇಲಷ್ಟೇ ಮುಂದಿನ ಹೆಜ್ಜೆ. ಕಣ್ಣೇನೋ ಎಪ್ಪತ್ತೆಂಟರಲ್ಲೂ ಚುರುಕು. ದೂರದ ದಿಣ್ಣೆಯ ಮೇಲಿನ ಕುರಿ ಯಾರದೆಂದು ನಿಂತಲ್ಲೇ ಹೇಳಬಲ್ಲರು.

ನಮ್ಮ ಸ್ಟಿಲ್‌ಪುಟ್ ದಕ್ಷಿಣ ಆಫ್ರಿಕಾದ ಕರೂ ಎಂಬ ಒಣಬಯಲಿನ ಊರು. ನದಿಯಿಲ್ಲ, ಕೆರೆಯಿಲ್ಲ, ಗಾಳಿರಾಟೆ ಎತ್ತಿಕೊಟ್ಟಷ್ಟೇ ನೀರು. ಆ ನೀರಿನ ನೆಲೆಗಳನ್ನು ಕವಲುಕಡ್ಡಿ ಹಿಡಿದು ತೋರಿಸಿಕೊಟ್ಟವರು ಓಮ್. ಎಲ್ಲಿ ಕೊರೆದದ್ದು, ಎಷ್ಟು ಆಳ, ಯಾವ ನೀರು ಸಿಹಿ, ಯಾವುದು ಸವಳು, ಸಮಸ್ತವೂ ಅವರ ಸ್ಮೃತಿಯಲ್ಲೇ. "ಕಾಗದಾನ ಇಲಿ ತಿನ್ನುತ್ತೆ, ನನ್ನ ತಲೇನ ಯಾವ ಇಲಿ ತಿನ್ನುತ್ತಪ್ಪಾ?" ಎನ್ನುತ್ತ ಬಣ್ಣಗೆಟ್ಟ ಹ್ಯಾಟನ್ನು ಹಣೆಗೆ ಎಳೆದುಕೊಳ್ಳುತ್ತಿದ್ದರು. ಇಗರ್ಜಿಯ ಹೊರಗೆ ಅವರು ಆ ಹ್ಯಾಟು ತೆಗೆದದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ.

ಕಳೆದ ವರ್ಷ, ಪಾತಾಳದ ಜೇಡಿಗಲ್ಲನ್ನು ನೀರಿನ ಒತ್ತಡದಿಂದ ಸೀಳಿ ಶೇಲ್ ಗ್ಯಾಸು ತೆಗೆಯುವ ಕಂಪನಿಯವರು ಬಂದರು. ಕೆಲಸವಿಲ್ಲದೆ ಸೊರಗಿದ್ದ ಊರಿಗೆ ಜೀವ ಬಂತು. ಓಮ್‌ರ ಮಗಳು ಲೆನಾಗೆ ಅವರ ಶಿಬಿರದ ಅಡುಗೆಮನೆಯಲ್ಲಿ ಕೆಲಸ ಗೊತ್ತಾಯಿತು. ಶಾಲೆಯಲ್ಲಿ ಸಭೆ ಸೇರಿದಾಗ ಕಂಪನಿಯ ಹೆಣ್ಣುಮಗಳೊಬ್ಬಳು ನಕ್ಷೆ ಹರಡಿ, ಇದರಲ್ಲಿಲ್ಲದ ಹಳೆಯ ಕೊಳವೆಬಾವಿಗಳಿದ್ದರೆ ಈಗಲೇ ಹೇಳಿ, ಸಿಮೆಂಟು ತುಂಬುತ್ತೇವೆ; ಇಲ್ಲವಾದರೆ ಕೆಳಗಿನ ಗ್ಯಾಸು ಅದೇ ದಾರಿ ಹಿಡಿದು ಕುಡಿಯುವ ನೀರಿಗೆ ಸೇರೀತು ಎಂದಳು.

"ಓಮ್‌ಗೆ ಗೊತ್ತಿಲ್ದಿರೋ ತೂತು ಈ ನೆಲದಲ್ಲಿ ಇರುವೆಗೂ ಇಲ್ಲ ಬಿಡಿ!" ಅಂಗಡಿಯ ಪೀಟ್ ಎಲ್ಲರನ್ನೂ ನಗಿಸಿದ.

ಓಮ್ ಮೆಲ್ಲಗೆ ಎದ್ದು ನಿಂತು ಹ್ಯಾಟು ತೆಗೆದರು.

"ಸುಮ್ನೆ ಕೂತ್ಕೊ ಅಪ್ಪಾ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ," ಎಂದು ಲೆನಾ ಅವರ ಕೋಟಿನ ತೋಳು ಜಗ್ಗಿದಳು.

"ಒಂದಿದೆ ಕಣಮ್ಮಾ. ನಾನೇ ಮುಚ್ಚಿದ್ದು," ಎಂದರು ಓಮ್, ನಕ್ಷೆ ಹರಡಿದವಳತ್ತ ತಿರುಗಿ.

ಇಪ್ಪತ್ತಮೂರರ ಪ್ರಾಯದಲ್ಲಿ, ಕಡ್ಡಿ ಬಾಗಿದಲ್ಲಿ ಕೊರೆಸಿದ್ದರಂತೆ. ಇನ್ನೂರು ಮೀಟರ್ ಇಳಿದರೂ ಹನಿ ನೀರಿಲ್ಲ. ತನ್ನ ಕಡ್ಡಿ ಸುಳ್ಳಾಡದೆಂಬ ಹೆಸರು ಉಳಿಯಲೆಂದು ಬಾಯಿಗೆ ತಗಡು ಹೊದಿಸಿ, ಮಣ್ಣೆಳೆದು, ಮೇಲೆ ಕುರಿಮಂದೆ ಓಡಿಸಿ ಗುರುತಳಿಸಿದರಂತೆ.

"ಎಲ್ಲಿದೆ, ತಾತಾ?" ಆ ಹೆಣ್ಣುಮಗಳು ಪೆನ್ಸಿಲು ಚಾಚಿದಳು.

ಓಮ್ ನಕ್ಷೆಯನ್ನು ಬಹಳ ಹೊತ್ತು ದಿಟ್ಟಿಸಿದರು. "ನೆನಪಾಗ್ತಿಲ್ಲ," ಎಂದರು.

ಅಂದಿನಿಂದ ಈ ಸರಳು, ಈ ನಡಿಗೆ. ಕಂಪನಿಯ ಉಪಕರಣಗಳು ವಾರವಿಡೀ ಅಲೆದು ಬರಿಗೈಲಿ ಮರಳಿದವು. ಬಾವಿ ಸಿಗಲಿ ಬಿಡಲಿ, ಬೇಸಗೆ ಮುಗಿಯುವಷ್ಟರಲ್ಲಿ ಕೊರೆತ ಶುರು ಎಂದರು. ಕಾಫಿ ತಂದ ಲೆನಾ, "ಸಾಕು ಬಾಪ್ಪಾ, ಅವರ ಮಿಷಿನ್ನಿಗೇ ಸಿಗ್ಲಿಲ್ಲ, ನಿನಗೆ ಸಿಗುತ್ತಾ?" ಎಂದರೆ ಓಮ್ ಗದರುತ್ತಾರೆ: "ಮರ್ಯಾದೆ ಹೂತಿಟ್ಟೋನು ನಾನು. ಮಿಷಿನ್ನಿಗೇನು ಗೊತ್ತು?"

ನೆಲದ ಗುಟ್ಟನ್ನು ತಲೆಯಲ್ಲೇ ಹೊತ್ತು ಬದುಕುವ ಇಂಥವರು ಎಲ್ಲ ಬಯಲುಸೀಮೆಗಳಲ್ಲೂ ಇರುತ್ತಾರೆ, ಅವರನ್ನು ನಂಬಿಯೇ ನಾವು ನೀರು ಕುಡಿಯುತ್ತೇವೆ. ನೂರು ಗೆಲುವುಗಳನ್ನು ಅಂಗುಲ ತಪ್ಪದೆ ನೆನಪಿಡುವ ಅವರು, ಮರೆಯಲೆಂದೇ ಹೂತ ಒಂದು ಸೋಲನ್ನು ಕೊನೆಗೆ ನಿಜವಾಗಿಯೂ ಮರೆತುಬಿಡುತ್ತಾರೆ. ನಿನ್ನೆ ಕೊರೆಯುವ ಯಂತ್ರ ಬಂದು ನಿಂತಿದೆ. ಇಂದು ಬೆಳಿಗ್ಗೆ ನೀರಿನ ಲೋಟ ಎತ್ತಿದವನು, ಕುಡಿಯುವ ಮೊದಲು ಮೂಸಿ ನೋಡಿದೆ.