ಉಪ್ಪಿನ ಹಬ್ಬ

ಸಲೋನಿಕಾದ ನಹ್ಮಿಯಾಸ್ ಮನೆಯವರಿಗೆ ಉಳಿದ ಯಹೂದಿಗಳಿಗೆಲ್ಲ ಇರುವ ಹಬ್ಬಗಳ ಜೊತೆಗೆ ಸ್ವಂತದ್ದೊಂದು ಹಬ್ಬವೂ ಇತ್ತು. ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ಯಜಮಾನ ಬೊಹೋರ್ ನಹ್ಮಿಯಾಸ್ ಊಟಕ್ಕೆ ಕೂತಿದ್ದವರು, ಹುರುಳಿಕಾಯಿಗೆ ಉಪ್ಪು ಸಾಲದೆಂದು ಗೊಣಗುತ್ತ ಅಡುಗೆಮನೆಗೆ ಎದ್ದು ಹೋದರು. ಅವರ ಬೆನ್ನ ಹಿಂದೆಯೇ ಚಾವಣಿಯ ಗಾಜಿನ ಗೊಂಚಲು ದೀಪ ಕಳಚಿಕೊಂಡು ಅವರ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ಎರಡು ಹೋಳಾಯಿತು. ಬೊಹೋರ್ ಉಪ್ಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅಂದಿನಿಂದ ಪ್ರತಿವರ್ಷ ಅದೇ ದಿನ, ಅದೇ ಕೋಣೆಯಲ್ಲಿ ದೇವರಿಗೆ ಕೃತಜ್ಞತೆಯ ಊಟ. ಪವಾಡ ನಡೆದ ಜಾಗದಲ್ಲೇ ನಿಂತು, 'ಈ ಜಾಗದಲ್ಲಿ ನನಗೆ ಪವಾಡ ಮಾಡಿದವನಿಗೆ ಸ್ತೋತ್ರ' ಎನ್ನಬೇಕೆಂಬುದು ಹಿರಿಯರ ವಿಧಿ. ಜಾಗವೆಂದರೆ ಜಾಗ, ಹಾಗಾಗಿ ಗೊಂಚಲನ್ನು ರಿಪೇರಿ ಮಾಡಿಸಿ ಅದೇ ಕೊಕ್ಕೆಗೆ ತೂಗುಹಾಕಿದರು. ಕುರ್ಚಿಗೆ ಹಗ್ಗ ಬಿಗಿದು ಅದರ ಕೆಳಗೇ ಇಟ್ಟರು. ಅಂದಿನ ಅಡುಗೆಗೆ ಉಪ್ಪು ಹಾಕುವಂತಿಲ್ಲ. ಬೊಹೋರರ ಕಥೆ ಉಪ್ಪಿನವರೆಗೆ ಬಂದ ಮೇಲೆಯೇ ಬಟ್ಟಲು ಹೊರಬರಬೇಕು. ಕಥೆಯೋ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು.

ಆ ಕುರ್ಚಿಯಲ್ಲಿ ಬೊಹೋರ್ ಮಾತ್ರ ಮತ್ತೆ ಕೂರಲಿಲ್ಲ. "ನನ್ನ ಪಾಲಿನ ಪವಾಡ ನನಗೆ ಸಿಕ್ಕಾಯ್ತು. ಉಳಿದವರಿಗೂ ಪುಣ್ಯ ಬರ್ಲಿ," ಎಂದು ಮೇಜಿನ ದೂರದ ತುದಿಗೆ ಹೋಗಿ ಕೂರುತ್ತಿದ್ದರು. ಈ ವರ್ಷ ಪುಣ್ಯದ ಸರದಿ ನಾಲ್ಕು ವರ್ಷದ ಮೊಮ್ಮಗಳು ಲೂನಾಳದು.

ಲೂನಾಳ ತಾಯಿ ಎಸ್ತ್ರೆಯಾಳಿಗೆ ವಾರದಿಂದ ನಿದ್ದೆ ಹತ್ತಿರಲಿಲ್ಲ.

"ರೀ, ಆ ಕೊಕ್ಕೆ ನೋಡಿದ್ರಾ? ತೊಲೆಯಿಂದ ಒಂದು ಬೆರಳು ಈಚೆ ಬಂದಿದೆ," ಎಂದಳು ಗಂಡನಿಗೆ.

ಶಬ್ತಾಯ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಹೋದ ವರ್ಷಾನೂ ಹಿಂಗೇ ಅಂದೆ."

"ಹೋದ ವರ್ಷ ಅರ್ಧ ಬೆರಳು ಬಂದಿತ್ತು."

ಅತ್ತೆ ಜೋಯಾಳ ಹತ್ತಿರ ಹೋದಳು. "ಕಮ್ಮಾರನ್ನ ಕರೆಸಿ ಹೊಸ ಕೊಕ್ಕೆ ಹಾಕ್ಸೋಣ ಅತ್ತೆ."

"ದೇವರು ಕಾಪಾಡಿದ ಜಾಗಕ್ಕೆ ಕಮ್ಮಾರ ಬೇಕಂತೆ! ನಿನ್ನ ತೌರಲ್ಲಿ ದೇವರ ಮೇಲೆ ಇಷ್ಟು ಅನುಮಾನಾನಾ?"

"ದೇವರ ಮೇಲಲ್ಲ ಅತ್ತೆ, ಕೊಕ್ಕೆ ಮೇಲೆ."

"ಎರಡೂ ಒಂದೇ. ಹೋಗಿ ಹಿಟ್ಟು ನಾದು."

ಮಗುವಿನ ಬದಲು ತಾನು ಕೂರುತ್ತೇನೆಂದಳು. ಅದು ನಹ್ಮಿಯಾಸ್ ರಕ್ತಕ್ಕೆ ಮೀಸಲಾದ ಜಾಗ ಎಂದು ಉತ್ತರ ಬಂತು. ಅವಳು ಹೋಗಿ ಹಿಟ್ಟು ನಾದಿದಳು.

ಹಬ್ಬದ ದಿನ ಮೇಜಿನ ಮೇಲೆ ಮಾಂಸದ ಕಡುಬು, ಅನ್ನ, ಹುರುಳಿಕಾಯಿ, ಎಲ್ಲವೂ ಸಪ್ಪೆ. ಬೊಹೋರ್ ಕಥೆ ಶುರುಮಾಡಿದರು. ಕಥೆ ಇನ್ನೂ ಗೊಂಚಲು ಕೊಂಡ ವರ್ಷವನ್ನೇ ದಾಟದಿರುವಾಗ ಜೋಯಾಳ ತಂಗಿ ಬುಲಿಸಾ ಪಿಸುಗುಟ್ಟಿದಳು: "ಭಾವ ಉಪ್ಪು ತರೋ ಹೊತ್ತಿಗೆ ನನ್ನ ಹಲ್ಲೆಲ್ಲ ಉದುರಿರುತ್ತೆ."

"ಅಮ್ಮಾ," ಎಂದಳು ಲೂನಾ, "ನನಗೆ ಉಪ್ಪು ಬಿತ್ತು."

ಎಲ್ಲರೂ ನಕ್ಕರು. "ಕಥೆ ಇನ್ನೂ ಅಲ್ಲಿಗೆ ಬಂದಿಲ್ಲ, ಪುಟ್ಟಿ," ಎಂದರು ಬೊಹೋರ್.

ಎಸ್ತ್ರೆಯಾ ಮಗಳ ತಟ್ಟೆ ನೋಡಿದಳು. ಕಡುಬಿನ ಮೇಲೆ ಬಿಳಿ ಪುಡಿ. ಅವಳು ನೋಡುತ್ತಿದ್ದಂತೆಯೇ ಇನ್ನಷ್ಟು ಉದುರಿತು. ಅದು ಚಾವಣಿಯ ಸುಣ್ಣ.

ಗೊಂಚಲು ಬೀಳುತ್ತಿದೆ ಎಂದರೆ ಮೊದಲು ಎಲ್ಲರೂ ತಲೆಯೆತ್ತಿ ನೋಡುತ್ತಾರೆ, ಆಮೇಲೆ ವಾದ ಮಾಡುತ್ತಾರೆ, ಕೊನೆಗೆ ಮಾವ ಕಥೆ ಮುಗಿಯಲಿ ಎನ್ನುತ್ತಾರೆ. ಈ ಮನೆಯವರು ಕೂತಲ್ಲಿಂದ ವಾದವಿಲ್ಲದೆ ಏಳುವಂಥ ಮಾತು ಒಂದೇ ಇತ್ತು.

"ಬೆಣ್ಣೆ!" ಎಂದು ಕಿರುಚಿದಳು. "ಕಡುಬಿಗೆ ಎಣ್ಣೆ ಅಂತ ಬೆಣ್ಣೆ ಹಾಕ್ಬಿಟ್ಟಿದೀನಿ!"

ಮಾಂಸದ ಜೊತೆ ಬೆಣ್ಣೆ! ಧರ್ಮಕ್ಕೆ ನಿಷಿದ್ಧವಾದ ಬೆರಕೆ; ಈ ಮನೆಯಲ್ಲಿ ಹಾಲಿನ ಪಾತ್ರೆಗೂ ಮಾಂಸದ ಪಾತ್ರೆಗೂ ಕಪಾಟುಗಳೇ ಬೇರೆ. ಬುಲಿಸಾ ಬಾಯಲ್ಲಿದ್ದದ್ದನ್ನು ಅಲ್ಲೇ ಉಗಿದಳು. ಕುರ್ಚಿಗಳು ಹಿಂದಕ್ಕೆ ಮಗುಚಿದವು. ಎಲ್ಲರೂ ಬಾಯಿ ತೊಳೆಯಲು ಅಂಗಳದ ಬಾವಿಗೆ ಓಡಿದರು. ಎಸ್ತ್ರೆಯಾ ಲೂನಾಳನ್ನು ಎತ್ತಿಕೊಂಡಿದ್ದಳು. ಜೋಯಾ ಕಡುಬಿನ ತಟ್ಟೆಯನ್ನೇ ಹೊತ್ತು ತಂದು ಬೀದಿನಾಯಿಗಳಿಗೆ ಸುರಿದಳು. ಕಥೆ ಅರ್ಧಕ್ಕೇ ನಿಂತಿತೆಂದು ಹೆಂಡತಿಯ ಮೇಲೆ ರೇಗಲು ಬೊಹೋರ್ ಕೊನೆಗೆ ಎದ್ದು ಬಂದರು.

ಒಳಗೆ ಗೊಂಚಲು ಬಿತ್ತು.

ಮೊದಲು ಮಾತಾಡಿದವರು ಬೊಹೋರ್. ಕೈಗಳೆತ್ತಿ ಸ್ತೋತ್ರ ಹೇಳಿದರು. ಎಲ್ಲರೂ ಆಮೆನ್ ಎಂದರು. ಆಮೇಲೆ ಜೋಯಾ ಸೊಸೆಯ ಕೆನ್ನೆ ಹಿಡಿದಳು. "ಇವಳಿಗೆ ಎಣ್ಣೆ ಯಾವ್ದು ಬೆಣ್ಣೆ ಯಾವ್ದು ಗೊತ್ತಾಗ್ದೇ ಇದ್ದದ್ದಕ್ಕೆ ನಾವೆಲ್ಲ ಬದುಕಿದ್ವಿ!"

"ಬೆಣ್ಣೆ ಇರ್ಲಿಲ್ಲ ಅತ್ತೆ. ಸುಣ್ಣ ಉದುರೋದು ನೋಡಿ ಸುಳ್ಳು ಹೇಳಿದೆ."

"ಪಾಪ, ಹೆದರಿಕೊಂಡು ಬಡಬಡಿಸ್ತಿದೆ. ನಾಚಿಕೆ ಯಾಕೇ? ದೇವರು ಬಿಳಾಮನ ಕತ್ತೆ ಬಾಯಲ್ಲೂ ಮಾತಾಡಿಸಿದೋನು."

ಆ ಪುರಾಣದಲ್ಲಿ ದಾರಿಗೆ ಅಡ್ಡನಿಂತ ದೇವದೂತನ ಕತ್ತಿಯನ್ನು ಕಂಡದ್ದು ಕತ್ತೆಯೇ, ಅದರ ಮೇಲೆ ಕೂತಿದ್ದ ಬಿಳಾಮನಲ್ಲ ಎಂಬುದು ಎಸ್ತ್ರೆಯಾಳಿಗೆ ನೆನಪಾಯಿತು. ಬೆಣ್ಣೆ ಇರಲಿಲ್ಲವೆಂಬುದರ ಸಾಕ್ಷಿ ಹೇಗೂ ನಾಯಿಗಳ ಹೊಟ್ಟೆ ಸೇರಿತ್ತು. ಜೋಯಾ ಮನೆಯ ಪಾತ್ರೆಗಳನ್ನೆಲ್ಲ ಕುದಿಸಿ ಶುದ್ಧಮಾಡಿದಳು. ಸೊಸೆಯನ್ನು ಮತ್ತೆಂದೂ ಹಿಟ್ಟಿನ ಹತ್ತಿರ ಬಿಡಲಿಲ್ಲ.

ಮುಂದಿನ ವರ್ಷ ಹಬ್ಬ ಹತ್ತಿರವಾದಾಗ, ಗೊಂಚಲಿನಲ್ಲಿ ಉಳಿದಿದ್ದ ಗಾಜುಗಳನ್ನೆಲ್ಲ ಸೇರಿಸಿ ಅದೇ ಕೊಕ್ಕೆಗೆ ತೂಗುಹಾಕಿದರು. ಕುರ್ಚಿಗೆ ಹೊಸ ಹಗ್ಗ ಬಂತು. "ಲೂನಾ ಅಲ್ಲೇ ಕೂತ್ಕೋಬೇಕು. ಅವಳೀಗ ಪರೀಕ್ಷೆಯಾದ ಮಗು," ಎಂದರು ಬೊಹೋರ್.

ಎಸ್ತ್ರೆಯಾ ಈ ಸಲ ಕೊಕ್ಕೆಯ ಮಾತೆತ್ತಲಿಲ್ಲ. ತಲೆವಸ್ತ್ರ ಸರಿಮಾಡಿಕೊಂಡು ವಿನಯದಿಂದ ಕೇಳಿದಳು:

"ಮಾವ, ನಂಗೊಂದು ಸಂದೇಹ. ಹೋದ ವರ್ಷ ಗೊಂಚಲು ಬಿದ್ದಾಗ ನಾವೆಲ್ಲ ಎಲ್ಲಿದ್ವಿ?"

"ಬಾವಿ ಹತ್ರ."

"ಪವಾಡ ಆದ ಜಾಗದಲ್ಲೇ ಅಲ್ವಾ ಸ್ತೋತ್ರ ಹೇಳ್ಬೇಕಾದ್ದು? ಒಬ್ಬರು ಉಳಿದ ಜಾಗ ದೊಡ್ಡದಾ, ಮನೆಮಂದಿಯೆಲ್ಲ ಉಳಿದದ್ದಾ?"

ಬೊಹೋರ್ ಮೇಜನ್ನೂ ಹಗ್ಗ ಬಿಗಿದ ಕುರ್ಚಿಯನ್ನೂ ಅಂಗಳಕ್ಕೆ ಹೊರಿಸಿದರು.

"ನೋಡಿದ್ಯಾ," ಎಂದಳು ಜೋಯಾ ತಂಗಿಗೆ, "ಅಂತೂ ಇವಳಿಗೂ ದೇವರಲ್ಲಿ ನಂಬಿಕೆ ಬಂತು."

ಹಬ್ಬದ ದಿನ ಗೊಂಚಲು ಒಳಗೆ ಖಾಲಿ ಕೋಣೆಯಲ್ಲಿ ತೂಗುತ್ತಿತ್ತು. ಅಂಗಳದಲ್ಲಿ ಊಟ ಸಪ್ಪೆಯಾಗಿತ್ತು, ಕಥೆಗೆ ಬೆಣ್ಣೆಯ ಅಧ್ಯಾಯ ಸೇರಿತ್ತು. ಎಣ್ಣೆ ಬೆಣ್ಣೆ ತಿಳಿಯದ ಸೊಸೆಯ ಪ್ರಸಂಗಕ್ಕೆ ಎಲ್ಲರೂ ನಕ್ಕರು. ಎಸ್ತ್ರೆಯಾಳೂ ನಕ್ಕಳು. ಹಗ್ಗ ಬಿಗಿದ ಕುರ್ಚಿಯಲ್ಲಿ ಲೂನಾ ಕಾಲಾಡಿಸುತ್ತ ಕೂತಿದ್ದಳು. ಅವಳ ತಲೆಯ ಮೇಲೆ ಬರೀ ಆಕಾಶ. ದೇವರೇ, ನಿನ್ನ ಉಪಕಾರ ಹೇಗೆ ತೀರಿಸಲಿ ಎಂದು ಎಸ್ತ್ರೆಯಾ ಮನಸಾರೆ ಅಂದುಕೊಂಡಳು.

ಬೊಹೋರ್ ಸ್ತೋತ್ರಕ್ಕೆ ಎದ್ದು ನಿಂತರು. ಆಗ ಅವಳಿಗೆ ಮೇಲಿನ ಮಹಡಿಯವರ ಮೊಗಸಾಲೆ ಕಾಣಿಸಿತು. ಕಟಕಟೆಯ ಅಂಚಿನ ಮೇಲೆ ಯಾರೋ ಒಂದು ಹೂವಿನ ಕುಂಡ ಇಟ್ಟಿದ್ದರು.

"ಯಾಕಮ್ಮಾ ಎಳೀತೀಯ?" ಎಂದಳು ಲೂನಾ.

"ಬಿಸಿಲು, ಕಂದಾ," ಎಂದು ಎಸ್ತ್ರೆಯಾ ಕುರ್ಚಿಯನ್ನು ಇನ್ನೊಂದು ಗೇಣು ಈಚೆಗೆಳೆದು, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದಳು.